ಅವಳಿ ಅಕ್ಕತಂಗಿಯರ ಮೆದುಳಿನ ಸ್ಕ್ಯಾನ್ ಬೇರೆ ಬೇರೆ ಬಂದಿದೆ, ಜೀನ್ ಒಂದೇ ಅಲ್ವಾ?

ಮಲ್ಲೇಶ್ವರದ_ಅವಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು, ನನ್ನ ತಂಗಿ ಅವಳಿ. ಒಂದೇ ಅಚ್ಚು, ಚಿಕ್ಕಂದಿನಲ್ಲಿ ಅಪ್ಪನೇ ಹೆಸರು ತಪ್ಪಿ ಕರೆಯುತ್ತಿದ್ದರು. ಈಗ ನನಗೆ ಅರೆತಲೆನೋವು ಜಾಸ್ತಿ ಆಗಿ ಡಾಕ್ಟರು ಎಂ.ಆರ್.ಐ. ಬರೆದುಕೊಟ್ಟರು. ತಂಗಿ ಅದಕ್ಕೂ ಮುಂಚೆಯೇ, ಒಂದು ಸಂಶೋಧನೆಗೆ ಆರೋಗ್ಯವಾಗಿರುವವರು ಬೇಕು ಅಂದಾಗ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದಿದ್ದಳು. ಅವಳ ಹತ್ತಿರವೂ ಸಿ.ಡಿ. ಇದೆ.

ನನ್ನ ರಿಪೋರ್ಟಿನಲ್ಲಿ ಲ್ಯಾಟರಲ್ ವೆಂಟ್ರಿಕಲ್‌ಗಳಲ್ಲಿ ಸ್ವಲ್ಪ ಅಸಿಮೆಟ್ರಿ ಇದೆ, ನಾರ್ಮಲ್ ವೇರಿಯೆಂಟ್ ಅಂತ ಬರೆದಿದ್ದಾರೆ. ಎಡಗಡೆಯದು ಬಲಗಡೆಗಿಂತ ದೊಡ್ಡದಂತೆ. ತಂಗಿಯದ್ದು ಎರಡೂ ಕಡೆ ಸಮ ಕಾಣುತ್ತದೆ. ಲ್ಯಾಪ್‌ಟಾಪಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆವು. ಮೇಲಿನ ಮಡಿಕೆಗಳು ಕೂಡ ಒಂದೇ ಥರ ಇಲ್ಲ. ಡಾಕ್ಟರು ಏನೂ ತೊಂದರೆ ಇಲ್ಲ ಅಂದರು, ಆದರೆ ಯಾಕೆ ಅಂತ ಕೇಳುವಷ್ಟರಲ್ಲಿ ಮುಂದಿನ ಪೇಷಂಟ್ ಒಳಗೆ ಬಂದಿದ್ದರು.

ನನ್ನ ಪ್ರಶ್ನೆ ಇಷ್ಟೇ. ಜೀನ್ ಪೂರ್ತಿ ಒಂದೇ ಆಗಿದ್ದರೆ ಮೆದುಳೂ ಒಂದೇ ಥರ ಇರಬೇಕಲ್ವಾ? ಮೆದುಳಿನ ಆಕಾರದಲ್ಲಿ ಜೀನ್‌ಗಳ ಪಾಲು ಎಷ್ಟು? ಇನ್ನೊಂದು ವಿಷಯ, ನಮ್ಮ ಅಪ್ಪನ ಕಡೆಯವರೆಲ್ಲ ದೊಡ್ಡ ತಲೆಯವರು. ನಮ್ಮತ್ತೆ ಮೊಮ್ಮಗನ ತಲೆ ನೋಡಿದಾಗಲೆಲ್ಲ "ಇವನು ಬುದ್ಧಿವಂತ ಆಗ್ತಾನೆ" ಅಂತಾರೆ. ಇದಕ್ಕೆ ಏನಾದರೂ ಅರ್ಥ ಇದೆಯಾ?

ಸ್ಕ್ಯಾನ್_ಕೋಣೆ ಉತ್ತರ:

ನಾನು ಡಾಕ್ಟರ್ ಅಲ್ಲ, ಇಲ್ಲೇ ಬೆಂಗಳೂರಿನಲ್ಲಿ ಮೆದುಳಿನ ಚಿತ್ರಗಳನ್ನು ಅಳೆಯುವ ಕೆಲಸ ಮಾಡುತ್ತೇನೆ. ನಿಮ್ಮ ತಲೆನೋವಿನ ಬಗ್ಗೆ ನಿಮ್ಮ ಡಾಕ್ಟರು ಹೇಳಿದ್ದೇ ಸರಿ. ವೆಂಟ್ರಿಕಲ್ ಅಂದರೆ ಮೆದುಳಿನ ಒಳಗೆ ದ್ರವ ತುಂಬಿರುವ ಜಾಗ. ಅದು ಎಡಬಲ ಸ್ವಲ್ಪ ಹೆಚ್ಚುಕಮ್ಮಿ ಇರುವುದು ಬಹಳ ಜನರಲ್ಲಿ ಕಾಣುತ್ತದೆ, ಎಡಗಡೆಯದೇ ದೊಡ್ಡದಿರುವುದು ಹೆಚ್ಚು ಸಾಮಾನ್ಯ. ಜೊತೆಗೆ ನೀವಿಬ್ಬರೂ ಬೇರೆ ಬೇರೆ ಕಡೆ, ಬೇರೆ ಮಷಿನ್‌ನಲ್ಲಿ ಮಾಡಿಸಿದ್ದೀರಿ. ಒಂದರ ಅಯಸ್ಕಾಂತದ ಬಲ 1.5 ಟೆಸ್ಲಾ, ಇನ್ನೊಂದರದ್ದು 3 ಟೆಸ್ಲಾ ಇರಬಹುದು. ತಲೆ ಒಂಚೂರು ವಾಲಿದ್ದರೂ ಒಂದೇ ಸ್ಲೈಸ್‌ನಲ್ಲಿ ಎರಡೂ ಕಡೆ ಬೇರೆ ಬೇರೆ ಎತ್ತರದ ಜಾಗ ಬರುತ್ತದೆ, ಆಗ ಒಂದು ಕಡೆ ದೊಡ್ಡದಾಗಿ ಕಾಣುತ್ತದೆ. ಅದಕ್ಕೇ ಎರಡು ಸಿ.ಡಿ. ಪಕ್ಕಪಕ್ಕ ಇಟ್ಟು ಕಣ್ಣಳತೆಯಲ್ಲಿ ತೀರ್ಮಾನ ಮಾಡಬೇಡಿ. ಚಿತ್ರಗಳನ್ನು ಮೂರು ದಿಕ್ಕಿನಲ್ಲೂ ನೇರ ಮಾಡಿಕೊಂಡ ಮೇಲೆ ಅಳೆಯಬೇಕು.

ಆದರೂ ನಿಮ್ಮ ಪ್ರಶ್ನೆ ತುಂಬಾ ಒಳ್ಳೆಯದು. ಸರಿಯಾಗಿ ಅಳೆದರೂ ಒಂದೇ ರೂಪದ ಅವಳಿಗಳ ಮೆದುಳು ಹೂಬೇಹೂಬು ಇರುವುದಿಲ್ಲ. ಯಾವುದು ಒಂದೇ ಥರ ಇರುತ್ತದೆ, ಯಾವುದು ಇರುವುದಿಲ್ಲ ಅನ್ನುವುದರಲ್ಲೇ ಎಲ್ಲ ಸ್ವಾರಸ್ಯ ಇದೆ.

ಒಟ್ಟು ಮೆದುಳಿನ ಗಾತ್ರ ತಗೊಳ್ಳಿ. ಒಂದೇ ರೂಪದ ಅವಳಿಗಳನ್ನೂ, ಬೇರೆ ರೂಪದ ಅವಳಿಗಳನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಗಾತ್ರದ ವ್ಯತ್ಯಾಸದ ಸುಮಾರು 80ರಿಂದ 90 ಶೇಕಡಾ ಅನುವಂಶೀಯ ಅಂತ ಬಂದಿದೆ. ಇದು ಎತ್ತರದಷ್ಟೇ ಜಾಸ್ತಿ. ನಿಮ್ಮಿಬ್ಬರ ಒಟ್ಟು ಗಾತ್ರ ಅಳೆದರೆ ಬಹಳ ಹತ್ತಿರ ಇರುತ್ತದೆ ಅಂತ ಧೈರ್ಯವಾಗಿ ಹೇಳುತ್ತೇನೆ.

ಇನ್ನು ಹೊರಪದರ, ಅಂದರೆ ಕಾರ್ಟೆಕ್ಸ್. ಇದು ಬರೀ 2ರಿಂದ 4 ಮಿಲಿಮೀಟರ್ ದಪ್ಪ. ಬಿಡಿಸಿ ಹರಡಿದರೆ ಸುಮಾರು 2000 ಚದರ ಸೆಂಟಿಮೀಟರ್ ಆಗುತ್ತದೆ, ಒಂದು ದೊಡ್ಡ ಕರ್ಚೀಫಿನಷ್ಟು. ಇದರ ವಿಸ್ತೀರ್ಣ ಒಂದು ಲೆಕ್ಕ, ದಪ್ಪ ಇನ್ನೊಂದು ಲೆಕ್ಕ. ಎರಡಕ್ಕೂ ಕಾರಣವಾಗುವ ಜೀನ್‌ಗಳು ಹೆಚ್ಚುಕಡಿಮೆ ಬೇರೆ ಬೇರೆ. ವಿಸ್ತೀರ್ಣ ತಾಯಿಯ ಹೊಟ್ಟೆಯಲ್ಲೇ ಬಹುಪಾಲು ತೀರ್ಮಾನ ಆಗುತ್ತದೆ. ನರಕೋಶ ಹುಟ್ಟಿಸುವ ಮೂಲ ಕೋಶಗಳು ಮೊದಲು ತಮ್ಮನ್ನೇ ಎರಡಾಗಿ, ನಾಲ್ಕಾಗಿ ಹೆಚ್ಚಿಸಿಕೊಳ್ಳುತ್ತವೆ. ಆಮೇಲೆ ಒಂದೊಂದು ಮೂಲ ಕೋಶದಿಂದ ನರಕೋಶಗಳ ಒಂದೊಂದು ಕಂಬ ಏಳುತ್ತದೆ. ಕಂಬಗಳು ಜಾಸ್ತಿ ಆದರೆ ವಿಸ್ತೀರ್ಣ ಜಾಸ್ತಿ. ಒಂದೊಂದು ಕಂಬದಲ್ಲಿ ಕೋಶ ಜಾಸ್ತಿ ಆದರೆ ದಪ್ಪ ಜಾಸ್ತಿ. ಪಾಸ್ಕೊ ರಾಕಿಚ್ ಎಂಬ ವಿಜ್ಞಾನಿ 1988ರಲ್ಲಿ ಮುಂದಿಟ್ಟ ವಿವರಣೆ ಇದು.

2020ರಲ್ಲಿ ಎನಿಗ್ಮಾ ಎಂಬ ಅಂತರರಾಷ್ಟ್ರೀಯ ತಂಡ 51,000ಕ್ಕೂ ಹೆಚ್ಚು ಜನರ ಎಂ.ಆರ್.ಐ. ಮತ್ತು ಡಿ.ಎನ್.ಎ. ಒಟ್ಟಿಗೆ ನೋಡಿತು. ಜೀನೋಮ್‌ನಲ್ಲಿ, ಅಂದರೆ ಇಡೀ ಡಿ.ಎನ್.ಎ.ಯಲ್ಲಿ, ಕಾರ್ಟೆಕ್ಸ್‌ನ ಅಳತೆಗೆ ನಂಟಿರುವ 199 ಜಾಗಗಳು ಸಿಕ್ಕವು. ಅದರಲ್ಲಿ 187 ವಿಸ್ತೀರ್ಣಕ್ಕೆ ಸೇರಿದವು, ದಪ್ಪಕ್ಕೆ ಬರೀ 12. ವಿಸ್ತೀರ್ಣದ ಮೇಲೆ ಪ್ರಭಾವ ಬೀರುವ ಜಾಗಗಳು ಭ್ರೂಣದ ಮೆದುಳು ಬೆಳೆಯುವಾಗ ಚುರುಕಾಗಿರುವ ನಿಯಂತ್ರಣ ಭಾಗಗಳಲ್ಲಿ ಹೆಚ್ಚು ಇದ್ದವು. ರಾಕಿಚ್ ಹೇಳಿದ್ದಕ್ಕೆ ಇದು ಹೊಂದಿಕೊಳ್ಳುತ್ತದೆ. ನನಗೆ ಈ ಕ್ಷೇತ್ರದಲ್ಲಿ ತುಂಬಾ ಇಷ್ಟವಾದ ಫಲಿತಾಂಶ ಇದೇ, ಬರೀ ಅಂಕಿಅಂಶವಾಗಿ ಬಂದದ್ದು ಮೆದುಳು ಹೇಗೆ ಬೆಳೆಯುತ್ತದೆ ಅನ್ನುವ ಕಥೆಗೆ ಬಂದು ಸೇರಿಕೊಂಡಿತು.

ಈಗ ನಿಮ್ಮ ಮಡಿಕೆಗಳ ವಿಷಯ. ಒಂದೇ ಅಳತೆಯ ಎರಡು ಕರ್ಚೀಫು ಮುದುಡಿ ಒಂದೇ ಅಳತೆಯ ಡಬ್ಬಿಯೊಳಗೆ ತುರುಕಿ ನೋಡಿ, ಸುಕ್ಕುಗಳು ಒಂದೇ ಕಡೆ ಬೀಳುವುದಿಲ್ಲ. ಗರ್ಭದಲ್ಲಿ ಮೊದಲು ಮೂಡುವ ಆಳವಾದ ಗೀರುಗಳು ಎಲ್ಲರಲ್ಲೂ ಒಂದೇ ಜಾಗದಲ್ಲಿರುತ್ತವೆ, ಅವುಗಳ ಮೇಲೆ ಜೀನ್‌ಗಳ ಹಿಡಿತ ಜಾಸ್ತಿ. ಕೊನೆಕೊನೆಗೆ ಮೂಡುವ ಸಣ್ಣ ಗೀರುಗಳಲ್ಲಿ ಹಿಡಿತ ಸಡಿಲ. ಆ ಸಮಯಕ್ಕೆ ಆಕಸ್ಮಿಕದ ಪಾಲು ಬರುತ್ತದೆ. ಹೊಟ್ಟೆಯಲ್ಲಿ ಯಾರು ಎಲ್ಲಿ ಮಲಗಿದ್ದರು, ಮಾಸು ಯಾರಿಗೆ ಎಷ್ಟು ರಕ್ತ ಕೊಟ್ಟಿತು, ಇದೂ ಸೇರುತ್ತದೆ. ಒಂದೇ ರೂಪದ ಅವಳಿಗಳಲ್ಲಿ ಹೆಚ್ಚಿನವರು ಒಂದೇ ಮಾಸನ್ನು ಹಂಚಿಕೊಂಡಿರುತ್ತಾರೆ, ಆದರೆ ಪಾಲು ಸಮ ಇರಲೇಬೇಕು ಅಂತಿಲ್ಲ. ಹುಟ್ಟಿದಾಗ ನಿಮ್ಮಿಬ್ಬರ ತೂಕದಲ್ಲಿ ವ್ಯತ್ಯಾಸ ಇತ್ತಾ ಅಂತ ಅಮ್ಮನನ್ನು ಕೇಳಿ ನೋಡಿ.

ಬಯಾಲಜಿ_ಮೇಷ್ಟ್ರು ಉತ್ತರ:

ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸುತ್ತೇನೆ. ಪಿ.ಯು. ಮಕ್ಕಳಿಗೆ ಪಾಠ ಮಾಡುವವನು ನಾನು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ, ಡಾ. ಎಸ್.ಕೆ. ಶಂಕರ್ ಮತ್ತು ಅವರ ಸಹೋದ್ಯೋಗಿಗಳು ವರ್ಷಾನುಗಟ್ಟಲೆ ಸಂಗ್ರಹಿಸಿದ ಮೆದುಳುಗಳು ಅಲ್ಲಿವೆ. ಅಲ್ಲಿ ನಿಜವಾದ ಮನುಷ್ಯನ ಮೆದುಳನ್ನು ಕೈಯಲ್ಲಿ ಹಿಡಿಯಬಹುದು. ಫಾರ್ಮಲಿನ್‌ನಲ್ಲಿ ಇಟ್ಟಿದ್ದರಿಂದ ಗಟ್ಟಿಯಾಗಿರುತ್ತದೆ, ಎತ್ತಿದ ಕೂಡಲೇ ಭಾರ ಗೊತ್ತಾಗುತ್ತದೆ.

ಎರಡು ಮೆದುಳು ಅಕ್ಕಪಕ್ಕ ಸಿಕ್ಕರೆ ಹೀಗೆ ಮಾಡಿ. ಪಕ್ಕದಿಂದ ನೋಡಿ, ಕೆಳಗಿನಿಂದ ಹಿಂದಕ್ಕೆ ಓರೆಯಾಗಿ ಹೋಗುವ ಆಳವಾದ ಸೀಳು ಎರಡರಲ್ಲೂ ತಕ್ಷಣ ಸಿಗುತ್ತದೆ. ನೆತ್ತಿಯಿಂದ ಇಳಿದು ಬರುವ ನಡುಗೀರು, ಅಂದರೆ ಸೆಂಟ್ರಲ್ ಸಲ್ಕಸ್, ಸ್ವಲ್ಪ ಹುಡುಕಿದರೆ ಎರಡರಲ್ಲೂ ಸಿಗುತ್ತದೆ. ಆಮೇಲೆ ಹಣೆಯ ಹಿಂದಿನ ಭಾಗಕ್ಕೆ ಬನ್ನಿ. ಅಲ್ಲಿ ಒಂದರಲ್ಲಿ ಗೀರು ಉದ್ದಕ್ಕೆ ಓಡಿರುತ್ತದೆ, ಇನ್ನೊಂದರಲ್ಲಿ ನಡುವೆ ತುಂಡಾಗಿ ಎರಡು ಕವಲಾಗಿರುತ್ತದೆ. ಪುಸ್ತಕದ ಚಿತ್ರದಲ್ಲಿ ಇದ್ದ ಹಾಗೆ ಒಂದೂ ಇರುವುದಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಎಷ್ಟು ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ, ಬೆರಳಿಟ್ಟು ಗೀರಿನ ಮೇಲೆ ಓಡಿಸಿದ ಮೇಲೆ ಹೋಯಿತು. ಅವಳಿ ಅಕ್ಕತಂಗಿಯರಿಬ್ಬರೂ ಒಂದು ಸಲ ಖಂಡಿತ ಹೋಗಿ ಬನ್ನಿ.

ದೊಡ್ಡ ತಲೆ ಬಗ್ಗೆ: ಐನ್‌ಸ್ಟೈನ್ 1955ರಲ್ಲಿ ತೀರಿಕೊಂಡಾಗ ಅವರ ಮೆದುಳು ತೂಗಿದ್ದು 1230 ಗ್ರಾಂ. ಇದು ಗಂಡಸರ ಸರಾಸರಿಗಿಂತ ಕಡಿಮೆ. ನಿಮ್ಮತ್ತೆಗೆ ಇದೊಂದು ಹೇಳಿ ಸಾಕು.

ಮಲ್ಲೇಶ್ವರದ_ಅವಳಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಮ್ಮನನ್ನು ಕೇಳಿದೆ, ತಂಗಿ ನನಗಿಂತ ಸುಮಾರು ಅರ್ಧ ಕೆಜಿ ಕಡಿಮೆ ಇದ್ದಳಂತೆ, ಅವಳನ್ನು ಕೆಲವು ದಿನ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರಂತೆ. ಇದು ನಮಗೆ ಗೊತ್ತೇ ಇರಲಿಲ್ಲ.

ಆದರೆ 80-90 ಶೇಕಡಾ ಅನ್ನುವುದು ನನಗೆ ಸರಿಯಾಗಿ ಅರ್ಥ ಆಗಲಿಲ್ಲ. ನನ್ನ ಮೆದುಳಿನಲ್ಲಿ 90 ಭಾಗ ಅಪ್ಪ ಅಮ್ಮ ಕೊಟ್ಟಿದ್ದು, 10 ಭಾಗ ನಾನು ಬೆಳೆಸಿಕೊಂಡಿದ್ದು ಅಂತಾನಾ? ಹಾಗಿದ್ದರೆ ಓದು, ಊಟ, ಅಭ್ಯಾಸ ಇದಕ್ಕೆಲ್ಲ ಬೆಲೆಯೇ ಇಲ್ಲವಾ?

ಸ್ಕ್ಯಾನ್_ಕೋಣೆ:

ಅಲ್ಲ, ಖಂಡಿತ ಅಲ್ಲ. ಈ ಒಂದು ಸಂಖ್ಯೆಯನ್ನು ಪತ್ರಿಕೆಗಳಲ್ಲಿ ಎಷ್ಟು ಕಡೆ ಹಾಗೇ ಬರೆದುಬಿಡುತ್ತಾರೆ ಅಂದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಈ ಶೇಕಡಾ ಒಬ್ಬ ಮನುಷ್ಯನ ಬಗ್ಗೆ ಏನನ್ನೂ ಹೇಳುವುದಿಲ್ಲ. ಒಂದು ಗುಂಪಿನ ಜನರ ನಡುವೆ ಇರುವ ವ್ಯತ್ಯಾಸದಲ್ಲಿ ಎಷ್ಟು ಭಾಗ ಅವರ ಜೀನ್‌ಗಳ ವ್ಯತ್ಯಾಸದಿಂದ ಬಂತು ಅಂತ ಮಾತ್ರ ಹೇಳುತ್ತದೆ. ಗುಂಪು ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಎಲ್ಲ ಮಕ್ಕಳಿಗೂ ಹೊಟ್ಟೆ ತುಂಬಾ ಊಟ ಸಿಗುವ ಊರಿನಲ್ಲಿ ಊಟದಿಂದ ಬರುವ ವ್ಯತ್ಯಾಸವೇ ಇರುವುದಿಲ್ಲ, ಹಾಗಾಗಿ ಉಳಿದ ವ್ಯತ್ಯಾಸ ಬಹುಪಾಲು ಜೀನ್‌ಗಳದ್ದೇ ಅಂತ ಕಾಣುತ್ತದೆ. ಅರ್ಧ ಮಕ್ಕಳು ಹಸಿದಿರುವ ಕಡೆ ಅದೇ ಸಂಖ್ಯೆ ಕೆಳಗಿಳಿಯುತ್ತದೆ. ಗರ್ಭಿಣಿಗೆ ಅಯೋಡಿನ್ ತೀರಾ ಕಡಿಮೆ ಆದರೆ ಮಗುವಿನ ಮೆದುಳು ಸರಿಯಾಗಿ ಬೆಳೆಯುವುದಿಲ್ಲ, ಅಲ್ಲಿ ಜೀನ್ ಎಷ್ಟೇ ಚೆನ್ನಾಗಿದ್ದರೂ ಅಷ್ಟೇ. ಅಯೋಡಿನ್ ಇರುವ ಉಪ್ಪು ಕೊಟ್ಟರೆ ಅದನ್ನು ತಡೆಯಬಹುದು. ಅನುವಂಶೀಯತೆ ಜಾಸ್ತಿ ಅಂದ ಮಾತ್ರಕ್ಕೆ ಬದಲಾಯಿಸಲು ಆಗುವುದಿಲ್ಲ ಅಂತ ಅರ್ಥವಲ್ಲ.

ಇನ್ನೊಂದು ವಿಷಯ ನೋಡಿ. ಅವಳಿಗಳ ಅಧ್ಯಯನದಲ್ಲಿ ಶೇಕಡಾ ಅಷ್ಟು ಮೇಲೆ ಬರುತ್ತದೆ. ಆದರೆ ಅದೇ 2020ರ ಕೆಲಸದಲ್ಲಿ ಡಿ.ಎನ್.ಎ.ಯ ಸಾಮಾನ್ಯ ವ್ಯತ್ಯಾಸಗಳನ್ನು ನೇರವಾಗಿ ಲೆಕ್ಕ ಹಾಕಿದಾಗ ವಿಸ್ತೀರ್ಣಕ್ಕೆ 34 ಶೇಕಡಾ, ದಪ್ಪಕ್ಕೆ 26 ಶೇಕಡಾ ಮಾತ್ರ ಬಂತು. ಉಳಿದದ್ದು ಅಪರೂಪದ ಬದಲಾವಣೆಗಳಲ್ಲಿ ಇರಬಹುದು, ಅವಳಿ ಅಧ್ಯಯನಗಳು ಕೊಂಚ ಜಾಸ್ತಿ ತೋರಿಸುತ್ತಿರಬಹುದು, ಇದರ ಬಗ್ಗೆ ವಾದ ನಡೆಯುತ್ತಲೇ ಇದೆ. ಸಿಕ್ಕ ಜಾಗಗಳಲ್ಲಿ ಒಂದೊಂದರ ಪ್ರಭಾವವೂ ತೀರಾ ಚಿಕ್ಕದು. "ದೊಡ್ಡ ಮೆದುಳಿನ ಜೀನ್" ಅಂತ ಒಂದು ಇಲ್ಲ. 2005ರಲ್ಲಿ ಮೈಕ್ರೊಸೆಫಾಲಿನ್ ಮತ್ತು ಎ.ಎಸ್.ಪಿ.ಎಂ. ಎಂಬ ಎರಡು ಜೀನ್‌ಗಳ ಬಗ್ಗೆ ದೊಡ್ಡ ಸದ್ದಾಯಿತು, ಅವುಗಳ ಕೆಲವು ರೂಪಗಳು ಕೆಲವು ಜನಾಂಗಗಳಲ್ಲಿ ಬೇಗ ಹರಡಿವೆ, ಮೆದುಳಿಗೂ ಅದಕ್ಕೂ ಸಂಬಂಧ ಇರಬಹುದು ಅಂತ. ಜನಾಂಗಗಳನ್ನು ಮೇಲು ಕೀಳು ಮಾಡುವವರು ಅದನ್ನು ಹಿಡಿದುಕೊಂಡು ಕುಣಿದರು. ಆಮೇಲೆ ಅಳೆದು ನೋಡಿದವರಿಗೆ ಆ ರೂಪಗಳಿಗೂ ಮೆದುಳಿನ ಗಾತ್ರಕ್ಕೂ ಸಂಬಂಧ ಕಾಣಲಿಲ್ಲ.

ಗಾತ್ರಕ್ಕೂ ಬುದ್ಧಿಗೂ ನಂಟು ಸ್ವಲ್ಪ ಇದೆ, ಇಲ್ಲ ಅನ್ನುವುದಿಲ್ಲ. 2015ರಲ್ಲಿ 8,000ಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟು ಮಾಡಿದಾಗ ಅದರ ಮೌಲ್ಯ 0.24 ಬಂತು (0 ಅಂದರೆ ನಂಟೇ ಇಲ್ಲ, 1 ಅಂದರೆ ಪೂರ್ತಿ ನಂಟು), ಅಂದರೆ ಐಕ್ಯೂ ಪರೀಕ್ಷೆಯ ವ್ಯತ್ಯಾಸದಲ್ಲಿ ಸುಮಾರು 6 ಶೇಕಡಾ. ಒಂದು ಮಗುವಿನ ತಲೆ ನೋಡಿ ಭವಿಷ್ಯ ಹೇಳಲು ಇದು ಏನೇನೂ ಸಾಲದು.

ಅಭ್ಯಾಸದ ವಿಷಯಕ್ಕೆ ಬಂದರೆ, ಲಂಡನ್ ಟ್ಯಾಕ್ಸಿ ಡ್ರೈವರುಗಳ ಮೇಲೆ 2000ದಲ್ಲಿ ಆದ ಕೆಲಸ ನೀವು ಕೇಳಿರಬಹುದು. ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡಿದ ಅವರಲ್ಲಿ ಹಿಪೊಕ್ಯಾಂಪಸ್‌ನ, ಅಂದರೆ ನೆನಪಿಗೆ ಮತ್ತು ದಾರಿ ಗುರುತಿಗೆ ಬೇಕಾದ ಮೆದುಳಿನ ಭಾಗದ, ಹಿಂಭಾಗ ಬೇರೆಯವರಿಗಿಂತ ದೊಡ್ಡದಿತ್ತು. ಹುಟ್ಟಾ ಹಾಗೇ ಇದ್ದವರೇ ಆ ಕೆಲಸಕ್ಕೆ ಬಂದರಾ ಅನ್ನುವ ಅನುಮಾನ ಸಹಜ. ಅದಕ್ಕೇ 2011ರಲ್ಲಿ ಅದೇ ತಂಡದವರು ತರಬೇತಿಗೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ಸ್ಕ್ಯಾನ್ ಮಾಡಿದರು. ಪರೀಕ್ಷೆ ಪಾಸಾದವರಲ್ಲಿ ಮಾತ್ರ ಬೆಳವಣಿಗೆ ಕಂಡಿತು.

ಕೋಲಾರದವನು ಉತ್ತರ:

ಒಂದು ವಿಷಯ ಯಾರೂ ಹೇಳಲಿಲ್ಲ. ಈ ದೊಡ್ಡ ದೊಡ್ಡ ಅಧ್ಯಯನಗಳಲ್ಲಿ ಇರುವವರು ಬಹುಪಾಲು ಯುರೋಪ್ ಮೂಲದವರು. ಅಲ್ಲಿ ಸಿಕ್ಕಿದ್ದನ್ನು ಹಾಗೇ ತಂದು ನಮಗೆ ಅಂಟಿಸಲು ಆಗುವುದಿಲ್ಲ, ಅಲ್ವಾ? ನಮ್ಮ ಶ್ರೀನಿವಾಸಪುರ ಮಾವಿನಹಣ್ಣಿಗೆ ಹೆಸರುವಾಸಿ ಅಂತ ಎಲ್ಲರಿಗೂ ಗೊತ್ತು. ಅಲ್ಲಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಜನರನ್ನು ಸೇರಿಸಿಕೊಂಡು ವರ್ಷಗಟ್ಟಲೆ ನೋಡುವ ಕೆಲಸವನ್ನು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ (ಐ.ಐ.ಎಸ್‌ಸಿ.) ಸೆಂಟರ್ ಫಾರ್ ಬ್ರೈನ್ ರಿಸರ್ಚ್ ನಡೆಸುತ್ತಿದೆ. ನೆನಪಿನ ಪರೀಕ್ಷೆ, ರಕ್ತ, ಜೀನ್, ಎಂ.ಆರ್.ಐ. ಎಲ್ಲ ಇದೆ. ನಮ್ಮ ತಂದೆಯವರೂ ಸೇರಿದ್ದಾರೆ. ಮೊದಲು "ನನಗೇನು ಹುಚ್ಚಾ, ತಲೆ ಯಾಕೆ ನೋಡಬೇಕು" ಅಂತ ರೇಗಾಡಿದರು. ಈಗ ಅವರೇ ಊರಿನವರನ್ನು ಹೊರಡಿಸುತ್ತಾರೆ.

ದೇಶದ 10,000 ಜನರ ಜೀನೋಮ್ ಓದಿದ ಜೀನೋಮ್ ಇಂಡಿಯಾ ಯೋಜನೆಯನ್ನು ಮುನ್ನಡೆಸಿದ್ದೂ ಇದೇ ಸಂಸ್ಥೆ. ರಾಗಿ ಮುದ್ದೆ ತಿಂದು ಹೊಲದಲ್ಲಿ ದುಡಿದ ದೇಹದ ಮೆದುಳು ವಯಸ್ಸಾದಂತೆ ಹೇಗಿರುತ್ತದೆ ಅಂತ ನಮ್ಮವರನ್ನೇ ನೋಡಿ ತಿಳಿಯಬೇಕು. ನನಗೆ ಇದು ಹೆಮ್ಮೆಯ ವಿಷಯ.

ಪುಟ್ಟಿಯ_ಅಮ್ಮ ಉತ್ತರ:

ತಲೆಯ ಗಾತ್ರದ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ನನ್ನ ಎರಡನೇ ಮಗಳಿಗೆ, ಪುಟ್ಟಿಗೆ, ಮೈಕ್ರೊಸೆಫಲಿ ಇದೆ, ಅಂದರೆ ತಲೆ ಮತ್ತು ಮೆದುಳು ತೀರಾ ಚಿಕ್ಕದಿರುವುದು. ನಾನು ನನ್ನ ಸೋದರಮಾವನನ್ನೇ ಮದುವೆಯಾದವಳು, ನಮ್ಮ ಕಡೆ ಇದು ಹೊಸದೇನಲ್ಲ. ಪುಟ್ಟಿ ಹುಟ್ಟಿದಾಗ ನರ್ಸ್ ಟೇಪ್ ತಗೊಂಡು ಹುಬ್ಬಿನ ಮೇಲಿಂದ, ಕಿವಿಯ ಮೇಲೆ ಹಾಯಿಸಿ, ತಲೆಯ ಹಿಂದೆ ಉಬ್ಬಿದ ಜಾಗದವರೆಗೆ ಸುತ್ತಿ ಅಳೆದರು. ಆಮೇಲೆ ಮತ್ತೊಮ್ಮೆ ಅಳೆದರು. ಸುಮಾರು 34-35 ಸೆಂಟಿಮೀಟರ್ ಇರಬೇಕಾದದ್ದು ತುಂಬಾ ಕಡಿಮೆ ಇತ್ತು. ಅಲ್ಲಿನ ಡಾಕ್ಟರು "ಬೆಳೆಯುತ್ತೆ ಬಿಡಿ" ಅಂದರು. ಮನೆಯಲ್ಲಿ, ಬಸುರಿಯಾಗಿದ್ದಾಗ ಗ್ರಹಣದ ದಿನ ಹೊರಗೆ ಓಡಾಡಿದೆ ಅಂತ ನನ್ನನ್ನೇ ಬೈದರು. ಅದು ನನ್ನ ಮನಸ್ಸಿನಲ್ಲಿ ಎಷ್ಟು ಕೊರೆಯಿತು ಅಂತ ಹೇಳಲಾರೆ.

ಕೊನೆಗೆ ಜೆನೆಟಿಕ್ ಕೌನ್ಸೆಲಿಂಗಿಗೆ ಹೋದಾಗ ಒಬ್ಬರು ಹೆಣ್ಣುಮಗಳು ಕಾಗದದ ಮೇಲೆ ಚೌಕ, ಸೊನ್ನೆ ಬರೆದು ನಮ್ಮ ಇಡೀ ವಂಶವೃಕ್ಷ ಹಾಕಿದರು. ಮೇಲೆ ಹೋಗುತ್ತಾ ಹೋಗುತ್ತಾ ನಮ್ಮ ಅಜ್ಜ ಅಜ್ಜಿಯ ಹತ್ತಿರ ನನ್ನ ಗೆರೆಯೂ ನಮ್ಮ ಯಜಮಾನರ ಗೆರೆಯೂ ಸೇರಿದವು. ಅವರು ಅಲ್ಲಿ ಪೆನ್ನಿಟ್ಟು ಹೇಳಿದರು, ಒಂದೇ ಜೀನ್‌ನ ಒಂದು ಕೆಟ್ಟ ಪ್ರತಿ ಇಲ್ಲಿಂದ ಎರಡೂ ಕಡೆ ಇಳಿದು ಬಂದಿದೆ, ನಿಮ್ಮಿಬ್ಬರಲ್ಲೂ ಇನ್ನೊಂದು ಪ್ರತಿ ಚೆನ್ನಾಗಿರುವುದರಿಂದ ನಿಮಗೆ ಏನೂ ಆಗಿಲ್ಲ, ಮಗುವಿಗೆ ಎರಡೂ ಕೆಟ್ಟದ್ದೇ ಬಂದಿದೆ ಅಂತ. ಪ್ರತಿ ಬಸುರಿನಲ್ಲೂ ಹೀಗಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ನಮಗೆ ಹೇಳಿದ್ದು ಎ.ಎಸ್.ಪಿ.ಎಂ. ಜೀನ್. ಮೇಲೆ ಅವರು ಬರೆದ ಮೂಲ ಕೋಶಗಳು ಎರಡಾಗುವಾಗ ಈ ಜೀನ್ ಬೇಕಂತೆ. ಅದು ಕೆಟ್ಟರೆ ಕೋಶಗಳು ಸಾಕಷ್ಟು ಹೆಚ್ಚುವುದಿಲ್ಲ. ಹೀಗಾಗಿ ಮೆದುಳಿನ ರಚನೆ ಹೆಚ್ಚುಕಡಿಮೆ ಸರಿಯಿದ್ದರೂ ಗಾತ್ರ ಚಿಕ್ಕದಾಗುತ್ತದೆ. ಇಂಥ ಜೀನ್‌ಗಳು ಹಲವು ಇವೆ. ಅದರಲ್ಲಿ ಒಂದನ್ನು, ಎಸ್.ಟಿ.ಐ.ಎಲ್. ಎಂಬುದನ್ನು, ನಮ್ಮ ದೇಶದ ಕುಟುಂಬಗಳಲ್ಲಿ ಗುರುತಿಸಿ 2009ರಲ್ಲಿ ಪ್ರಕಟಿಸಿದ ತಂಡದಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಮತ್ತು ನಿಮ್ಹಾನ್ಸ್‌ನವರು ಇದ್ದರು. ನಮ್ಮಂಥ ತಾಯಂದಿರು ಮಕ್ಕಳ ರಕ್ತ ಕೊಟ್ಟಿದ್ದಕ್ಕೇ ಅದು ಆಗಿದ್ದು. ಪುಟ್ಟಿ ಈಗ ಶಾಲೆಗೆ ಹೋಗುತ್ತಾಳೆ. ಮಾತು ನಿಧಾನ, ಆದರೆ ಮನೆಗೆ ಯಾರು ಬಂದರೂ ಚಪ್ಪಲಿ ನೋಡಿಯೇ ಇಂಥವರು ಅಂತ ಹೇಳುತ್ತಾಳೆ.

ಮಲ್ಲೇಶ್ವರದ_ಅವಳಿ:

ಅಕ್ಕಾ, ನೀವು ಬರೆದದ್ದು ತಂಗಿಗೂ ಓದಿ ಹೇಳಿದೆ. ಇಬ್ಬರಿಗೂ ಕಣ್ಣು ತುಂಬಿತು. ಒಂದು ಕೇಳಲಾ? ನಮ್ಮ ಚಿಕ್ಕಮ್ಮನ ಮಗಳಿಗೆ ಅವಳ ಸೋದರಮಾವನ ಜೊತೆಗೇ ಮಾತುಕತೆ ನಡೆದಿದೆ. ಮನೆಯಲ್ಲಿ ಇಂಥ ತೊಂದರೆ ಯಾರಿಗೂ ಇಲ್ಲ. ಈಗಲೇ ಟೆಸ್ಟ್ ಮಾಡಿಸಬೇಕಾ?

ಸ್ಕ್ಯಾನ್_ಕೋಣೆ:

ಪುಟ್ಟಿಯ ಅಮ್ಮ ಅವರಿಗೆ ನನ್ನ ನಮಸ್ಕಾರ. ಒಂದೇ ಜೀನ್ ಕೆಟ್ಟು ಮೆದುಳಿನ ಗಾತ್ರ ಅಷ್ಟು ಬದಲಾಗುವುದು ಅಪರೂಪ. ನಮ್ಮೆಲ್ಲರ ನಡುವಿನ ಸಾಮಾನ್ಯ ವ್ಯತ್ಯಾಸ ನೂರಾರು ಚಿಕ್ಕ ಪ್ರಭಾವ ಸೇರಿ ಬರುತ್ತದೆ. ಇವೆರಡರ ನಡುವೆ ಇನ್ನೊಂದು ಬಗೆ ಇದೆ. 16ನೇ ಕ್ರೋಮೊಸೋಮ್‌ನ ಒಂದು ಚಿಕ್ಕ ತುಂಡು ಕಳೆದುಹೋದರೆ ತಲೆ ದೊಡ್ಡದಾಗುವ ಕಡೆ ವಾಲುತ್ತದೆ, ಅದೇ ತುಂಡು ಒಂದು ಜಾಸ್ತಿ ಇದ್ದರೆ ಚಿಕ್ಕದಾಗುವ ಕಡೆ. ಆಟಿಸಂ ಇರುವ ಕೆಲವು ಮಕ್ಕಳಲ್ಲಿ ಈ ಎರಡೂ ಕಂಡುಬಂದಿವೆ. ದೊಡ್ಡ ತಲೆ ಅಂದರೆ ಒಳ್ಳೆಯದೇ ಅಂತ ತಿಳಿಯಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ.

ಪುಟ್ಟಿಯ_ಅಮ್ಮ:

ಟೆಸ್ಟ್ ಆಮೇಲೆ, ಮೊದಲು ಕೌನ್ಸೆಲರ್ ಹತ್ತಿರ ಇಬ್ಬರನ್ನೂ ಒಟ್ಟಿಗೆ ಕಳುಹಿಸಿ. ಅವರು ವಂಶವೃಕ್ಷ ಬರೆದು, ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡ ಮಕ್ಕಳು, ಗರ್ಭಪಾತ, ಮಾತು ಬಾರದವರು, ಫಿಟ್ಸ್ ಬರುವವರು ಯಾರಾದರೂ ಇದ್ದರಾ ಅಂತ ಕೇಳುತ್ತಾರೆ. ನಮ್ಮ ಮನೆಯಲ್ಲೂ ಯಾರೂ ಇಲ್ಲ ಅಂತಲೇ ಅಂದುಕೊಂಡಿದ್ದೆವು, ನಮ್ಮಜ್ಜಿಯನ್ನು ಕೂರಿಸಿ ಕೇಳಿದಾಗ ಹೆಸರಿಡುವ ಮುಂಚೆಯೇ ಹೋದ ಒಂದು ಮಗುವಿನ ವಿಷಯ ಹೊರಗೆ ಬಂತು. ಅದಕ್ಕೇ ಹೋಗುವ ಮುಂಚೆ ಮನೆಯ ಹಿರಿಯ ಹೆಂಗಸರನ್ನು ಕೂರಿಸಿಕೊಂಡು ಎಲ್ಲ ಕೇಳಿ ಬರೆದಿಟ್ಟುಕೊಳ್ಳಿ. ಅದನ್ನೆಲ್ಲ ನೋಡಿದ ಮೇಲೆ ಯಾವ ಟೆಸ್ಟ್ ಬೇಕು, ಬೇಕೋ ಬೇಡವೋ ಅಂತ ಅವರೇ ಹೇಳುತ್ತಾರೆ. ಮದುವೆ ನಿಶ್ಚಯ ಆಗುವ ಮುಂಚೆಯೇ ಹೋಗಲಿ.